ಉಣ್ಣಿ ಕಾಯುವ ದಾರಿ

ಫೆಬ್ರವರಿ ತಿಂಗಳ ಲೋಕಾಪುರ. ಇನ್ನೂ ಬಿಸಿಲು ಏರಿಲ್ಲ. ರಾತ್ರಿಯೆಲ್ಲ ಕಬ್ಬು ಹೇರಿಕೊಂಡು ಮುಧೋಳದ ಕಡೆ ಹೋದ ಟ್ರ್ಯಾಕ್ಟರುಗಳು ಉದುರಿಸಿದ ಕಬ್ಬಿನ ತುಂಡುಗಳನ್ನು ರಸ್ತೆ ಮೇಲಿನ ದನಗಳು ಅಗಿಯುತ್ತಿವೆ. ನೀವು ಪರಸಿ ಕಲ್ಲಿನ ಗೋಡೆಯ ಹಳೆಯ ಮನೆಯೊಂದರ ತಲೆಬಾಗಿಲು ದಾಟುತ್ತೀರಿ. ಮೊದಲು ಸಿಗುವುದು ದನ ಕಟ್ಟುವ ದಂದಕ್ಕಿ. ಅದರಾಚೆ ಎರಡು ಮೆಟ್ಟಿಲು ಏರಿದರೆ ಮನೆಮಂದಿ ಮಲಗುವ ಪಡಸಾಲೆ. ದನ ಮತ್ತು ಮನುಷ್ಯರ ನಡುವೆ ಇರುವುದು ಅಷ್ಟೇ ಅಂತರ.

"ಬರ್ರಿ, ಕುಂದರ್ರಿ. ಚಾ ಆಮ್ಯಾಲ ಕುಡಿಯೋಣಂತ," ಎಂದು ಅಜ್ಜಿ ಕರೆಯುತ್ತಾಳೆ. ಅವಳು ಎಚ್.ಎಫ್. ಮಿಶ್ರತಳಿ ಆಕಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಆಕಳ ಮೂತಿ ಗ್ವಾದಲಿಯ ಮೇಲಿದೆ, ಮೇವಿಗೆ ಬಾಯಿ ಹಾಕಿಲ್ಲ. ಅಜ್ಜಿ ಕೆಚ್ಚಲ ಸಂದಿಗೆ ಬೆರಳು ಹಾಕಿ, ತಡವಿ, ಹಿಡಿದು, ಎಳೆಯುತ್ತಾಳೆ. ಅಂಗೈ ಮೇಲೆ ಔಡಲ ಕಾಳಿನಂಥ ಬೂದುಬಣ್ಣದ ಒಂದು ಉಂಡೆ. ಬಗ್ಗಿ ನೋಡಿ. ಉಂಡೆಯ ಒಂದು ತುದಿಯಲ್ಲಿ ಎಂಟು ಕಾಲು ಮೆಲ್ಲಗೆ ಅಲ್ಲಾಡುತ್ತಿವೆ. ಇದು ರಕ್ತ ಕುಡಿದು ತುಂಬಿದ ಹೆಣ್ಣು ಉಣ್ಣಿ. ಇನ್ನೊಂದೆರಡು ದಿನ ಬಿಟ್ಟಿದ್ದರೆ ತಾನಾಗಿಯೇ ಉದುರಿ, ಗೋಡೆಯ ಕಲ್ಲುಸಂದಿಗೆ ಹರಿದು ಹೋಗಿ, ಸಾವಿರಾರು ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತಿತ್ತು.

"ಎರಡ ದಿನ ಆತ್ರಿ, ಹಾಲ ಪೂರಾ ಇಳಿಸೇತಿ. ಮೈ ಕೆಂಡ ಆಗೇತಿ ನೋಡ್ರಿ."

ಕೈಯಿಟ್ಟು ನೋಡಿ, ಕಿವಿಯ ಬುಡ ಸುಡುತ್ತದೆ. ಹೆಗಲ ಮುಂದೆ, ಕುತ್ತಿಗೆ ಸೇರುವಲ್ಲಿ, ಗಂಟೊಂದು ಎದ್ದಿದೆ. ಪಶುವೈದ್ಯರು ಬಂದರೆ ಮೊದಲು ಮುಟ್ಟುವುದು ಆ ಗಂಟನ್ನೇ. ಕಿವಿಯ ನರದಿಂದ ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಕೆಂಪು ರಕ್ತಕಣದೊಳಗೆ ಉಂಗುರದಂತೆ ಕಾಣುವ ಜೀವಿ ಸಿಕ್ಕರೆ ಅದು ಥೈಲೇರಿಯಾ. ಹಯಲೋಮಾ ಜಾತಿಯ ಉಣ್ಣಿ ತರುವ ರೋಗ. ಬುಪಾರ್ವಾಕ್ವೋನ್ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಬಿದ್ದರೆ ಆಕಳು ಉಳಿಯುತ್ತದೆ, ತಡವಾದರೆ ಕಷ್ಟ. ಪಕ್ಕದ ಗೂಟದಲ್ಲಿ ಕಟ್ಟಿರುವ ಕಿಲಾರಿ ಎತ್ತಿನ ಮೈಮೇಲೂ ಇದೇ ಉಣ್ಣಿಗಳಿವೆ. ಅದು ನಿಶ್ಚಿಂತೆಯಿಂದ ಕಣಿಕೆ ಮೆಲ್ಲುತ್ತಿದೆ. ಈ ನೆಲದ ಉಣ್ಣಿಯೊಡನೆ ತಲೆತಲಾಂತರ ಬಾಳಿದ ತಳಿ ಅದು. ಹಾಲಿಗಾಗಿ ತಂದ ಹೊರಗಿನ ರಕ್ತಕ್ಕೆ ಆ ಬಲ ಇಲ್ಲ.

ಅಜ್ಜಿ ಉಣ್ಣಿಯನ್ನು ಕಲ್ಲಿನ ಮೇಲಿಟ್ಟು ಹೆಬ್ಬೆರಳಿನ ಉಗುರಿನಿಂದ ಹೊಸಕಲು ಹೊರಡುತ್ತಾಳೆ. ಇಲ್ಲಿ ಅವಳ ಕೈ ಹಿಡಿಯಬೇಕು ಅನಿಸುತ್ತದೆ, ಹಿಡಿಯಲೂ ಬೇಕು. 2011ರಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯಲ್ಲಿ ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರ ಕಾಣಿಸಿಕೊಂಡಿತು. ಆರೈಕೆ ಮಾಡಿದ ವೈದ್ಯರು, ದಾದಿಯರನ್ನೂ ಅದು ಬಿಡಲಿಲ್ಲ. ಆ ವೈರಸ್ಸನ್ನು ಹೊರುವುದೂ ಹಯಲೋಮಾ ಉಣ್ಣಿಗಳೇ. ಉಗುರಿನ ಕೆಳಗೆ ಒಡೆದ ಉಣ್ಣಿಯ ರಕ್ತ ಬೆರಳಿನ ಗೀರಿಗೆ ತಾಗಿದರೂ ಸೋಂಕು ದಾಟಬಹುದು. ಸೀಮೆಎಣ್ಣೆ ಅಥವಾ ಸಾಬೂನು ನೀರಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ತೆಗೆದ ಉಣ್ಣಿಯನ್ನು ಅದರೊಳಗೆ ಹಾಕುವುದು ಲೇಸು. ಊರ ಹೊರಗೆ ಹೊಲದಲ್ಲಿ ಹಿಂಡು ಕೂಡ್ರಿಸಿರುವ ಕುರಿಗಾರರಿಗೂ ಈ ಮಾತನ್ನು ಮುಟ್ಟಿಸಬೇಕು. ಅವರು ಕುರಿಯ ಕಿವಿ, ನಾಯಿಯ ಬೆರಳಸಂದಿ ಎಲ್ಲ ಕಡೆಯಿಂದ ದಿನಾ ಉಣ್ಣಿ ಕಿತ್ತು ಉಗುರಲ್ಲೇ ಮುಗಿಸುವವರು.

ಆದರೂ ಈ ಊರಲ್ಲಿ ಉಣ್ಣಿ ಎಂದರೆ ದನದ ತಾಪತ್ರಯ. ಮನುಷ್ಯನಿಗೂ ಅದಕ್ಕೂ ಸಂಬಂಧವಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹಾಗೆ ಲೆಕ್ಕ ಹಾಕಿದ ಊರೊಂದು ಇದೇ ಕರ್ನಾಟಕದಲ್ಲಿದೆ. ಅಲ್ಲಿಗೆ ಹೋಗಬೇಕಾದರೆ ಮಲಪ್ರಭೆ ದಾಟಿ, ಕರಿಮಣ್ಣಿನ ಬಯಲು ಮುಗಿಸಿ, ಮಲೆನಾಡಿನ ಅಂಚಿಗೆ ಇಳಿಯಬೇಕು.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. 1957ರ ಬೇಸಿಗೆ. ಕಾಡಂಚಿನಲ್ಲಿ ನಡೆಯುತ್ತಿದ್ದೀರಿ, ಮೂಗಿಗೆ ಕೊಳೆತ ವಾಸನೆ ಬಡಿಯುತ್ತದೆ. ಮರದ ಬುಡದಲ್ಲಿ ಕಪ್ಪುಮೋರೆಯ ಮುಸಿಯವೊಂದು ಸತ್ತು ಬಿದ್ದಿದೆ. ಮುಂದೆ ಹೋದರೆ ಇನ್ನೊಂದು. ಹಳ್ಳಿಯೊಳಗೆ ಸೌದೆಗೆ ಹೋದವರು, ದನ ಕಾಯಲು ಹೋದವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದಿದ್ದಾರೆ. ಜ್ವರ ನಿಧಾನಕ್ಕೆ ಬಂದದ್ದಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದವನು ಸಂಜೆಗೆ ತಲೆ ಎತ್ತಲಾರ. ಹಣೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡ ಹಿಂಡುವ ನೋವು, ಕೆಂಪಾದ ಕಣ್ಣು. ಮೂರು ನಾಲ್ಕು ದಿನ ಕಳೆದ ಮೇಲೆ ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ಮಂಗ ಸತ್ತ ಕಡೆಯಲ್ಲೇ ಮನುಷ್ಯರೂ ಬೀಳುತ್ತಿರುವುದನ್ನು ಜನರೇ ಮೊದಲು ಕಂಡುಕೊಂಡರು. ಮಂಗನ ಕಾಯಿಲೆ ಎಂಬ ಹೆಸರು ಅವರದೇ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದಾಗ ಅವರ ಎದೆಯಲ್ಲಿದ್ದ ಭಯವೇ ಬೇರೆ. ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು; ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅಲ್ಲಿನ ವಿಜ್ಞಾನಿಗಳು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸಾಲುಸಾಲಾಗಿ ಸತ್ತವೆಂದರೆ ಹಳದಿ ಜ್ವರ ಬಂತೆಂದೇ ಅರ್ಥ. ಭಾರತದಲ್ಲಿ ಆ ಜ್ವರ ಇಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಊರೂರಲ್ಲೂ ಇದೆ. ಕೋಟ್ಯಂತರ ಜನರಿಗೆ ಲಸಿಕೆಯಿಲ್ಲ. ಆ ಲೆಕ್ಕಾಚಾರದ ಭಾರ ಹೊತ್ತುಕೊಂಡೇ ಅವರು ಸತ್ತ ಮಂಗದ ರಕ್ತ, ಅಂಗಾಂಶ ತೆಗೆದು ಎಳೆಯ ಇಲಿಮರಿಗಳಿಗೆ ಚುಚ್ಚಿದರು. ವೈರಸ್ ಸಿಕ್ಕಿತು. ಹಳದಿ ಜ್ವರದ್ದಾಗಿರಲಿಲ್ಲ. ಸಾವಿರಾರು ಮೈಲಿ ಉತ್ತರದಲ್ಲಿ, ಹಿಮ ಬೀಳುವ ಸೈಬೀರಿಯಾದ ಕಾಡುಗಳಲ್ಲಿ, ಉಣ್ಣಿ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ದಾಯಾದಿಯಾಗಿತ್ತು.

ಆ ದಾಯಾದಿಯ ಕಥೆಯೂ ಸಣ್ಣದಲ್ಲ. 1937ರಲ್ಲಿ ಲೆವ್ ಜಿಲ್ಬರ್ ಮುಂದಾಳುತನದ ತಂಡವೊಂದು ಸೋವಿಯತ್ ಒಕ್ಕೂಟದ ಪೂರ್ವ ತುದಿಯ ಕಾಡಿಗೆ ಹೋಯಿತು. ಅಲ್ಲಿ ವಸಂತದಲ್ಲಿ ಮರ ಕಡಿಯುವವರು, ಸೈನಿಕರು ಮಿದುಳು ಜ್ವರದಿಂದ ಸಾಯುತ್ತಿದ್ದರು. ಸೊಳ್ಳೆ ಏಳುವ ಕಾಲಕ್ಕಿಂತ ಮೊದಲೇ ರೋಗ ಬರುತ್ತಿತ್ತು. ಆ ಹೊತ್ತಿಗೆ ಎದ್ದಿರುವುದು ಉಣ್ಣಿ ಮಾತ್ರ ಎಂಬ ಸುಳಿವು ಹಿಡಿದು ಅವರು ಮೂಲ ಮುಟ್ಟಿದರು. ತಂಡದಲ್ಲಿದ್ದ ಮಿಖಾಯಿಲ್ ಚುಮಕೋವ್‌ಗೆ ಸೋಂಕು ತಗುಲಿ ಕಿವಿ ಮಂದವಾಯಿತು, ಒಂದು ಕೈ ಸ್ವಾಧೀನ ತಪ್ಪಿತು. ಅದೇ ಮೈಯಲ್ಲಿ ಅವರು ಮುಂದಿನ ದಶಕಗಳ ಸಂಶೋಧನೆ ನಡೆಸಿದರು.

ಹಾಗಾದರೆ ಸೈಬೀರಿಯಾದ ವೈರಸ್ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಹಕ್ಕಿಗಳ ಮೈಮೇಲೆ ಉಣ್ಣಿಗಳು ಬಂದಿರಬಹುದೇ? ಈ ಅನುಮಾನದ ಬೆನ್ನು ಹತ್ತಿಯೇ ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಕ್ಕಿ ವಲಸೆ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು, ಗರಿ ಸರಿಸಿ ಉಣ್ಣಿ ಹುಡುಕಿದರು. ನಮ್ಮ ದೇಶದ ಹಕ್ಕಿಗಳ ಬಗ್ಗೆ ಅದರಿಂದ ತಿಳಿದದ್ದು ಅಪಾರ. ಕ್ಯಾಸನೂರಿನ ರೋಗವನ್ನು ಹಕ್ಕಿ ತಂದಿತೆಂಬುದು ಮಾತ್ರ ರುಜುವಾಗಲಿಲ್ಲ. ಉತ್ತರ ಬೇರೆ ಕಡೆ ಇತ್ತು, ಕೊಟ್ಟಿಗೆಯ ಕಡೆ.

ಅದನ್ನು ಹೇಳಿದವರು ಕೊಲಂಬಿಯಾದ ಹೋರ್ಹೆ ಬೊಶೆಲ್. ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರದ ಜಾಡು ಹಿಡಿದ ಅನುಭವಿ. 1960ರ ದಶಕದಲ್ಲಿ ಈ ಸೀಮೆಯಲ್ಲಿ ಕೆಲಸ ಮಾಡಿ, 1969ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರು ಜನ, ದನ, ಕಾಡು ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. ವೈರಸ್ ಕಾಡಿನ ಇಲಿ, ಸುಂಡಿಲಿ, ಉಣ್ಣಿಗಳ ನಡುವೆ ಹಿಂದಿನಿಂದಲೂ ಸದ್ದಿಲ್ಲದೆ ಸುತ್ತುತ್ತಿದ್ದಿರಬೇಕು. ಜನ ಹೆಚ್ಚಿ, ಕಾಡು ಕಡಿದು ಗದ್ದೆ ಮಾಡಿ, ದನಗಳನ್ನು ಉಳಿದ ಕಾಡಿಗೆ ಮೇಯಲು ಬಿಟ್ಟಾಗ ಉಣ್ಣಿಗೆ ಹಬ್ಬವಾಯಿತು. ದೊಡ್ಡ ಉಣ್ಣಿಗೆ ಬೇಕಾದ್ದು ದೊಡ್ಡ ಪ್ರಾಣಿಯ ರಕ್ತ. ಮೊದಲು ಅಪರೂಪಕ್ಕೆ ಸಿಗುತ್ತಿದ್ದ ಕಾಟಿ, ಕಡವೆಯ ಬದಲು ಈಗ ದಿನವೂ ಅದೇ ಹಾದಿಯಲ್ಲಿ ಬಂದು ಹೋಗುವ ಹಸುಗಳ ಸಾಲು. ಹಸುವಿಗೆ ಈ ರೋಗ ಬರುವುದಿಲ್ಲ, ಅದು ವೈರಸ್ಸನ್ನು ಹರಡುವುದೂ ಇಲ್ಲ. ಅದು ಉಣ್ಣಿಯನ್ನು ಸಾಕುತ್ತದೆ, ಅಷ್ಟೇ. ನನಗೆ ಈ ಇಡೀ ವಿಷಯದಲ್ಲಿ ಬೊಶೆಲ್ ಅವರ ಈ ಮಾತಿನಷ್ಟು ತೂಕದ್ದು ಬೇರೊಂದಿಲ್ಲ. ಲೋಕಾಪುರದ ದಂದಕ್ಕಿಗೂ ಕ್ಯಾಸನೂರಿನ ಕಾಡಿಗೂ ಇರುವ ನಂಟು ಅದರಲ್ಲಿದೆ.

ಈಗ ಕಾಲ ಸರಿಸಿ. ಜನವರಿಯ ಮಧ್ಯಾಹ್ನ, ಸಾಗರ ತಾಲ್ಲೂಕಿನ ಅರಳಗೋಡು ಕಡೆಯ ಕಾಡು. 2018ರ ಕೊನೆಯಲ್ಲಿ ಮಂಗನ ಕಾಯಿಲೆ ಈ ಊರಿಗೆ ಅಪ್ಪಳಿಸಿ ಮನೆಮನೆಯನ್ನೂ ಅಲುಗಾಡಿಸಿತ್ತು. ಮಳೆ ನಿಂತು ತಿಂಗಳುಗಳಾಗಿವೆ, ನೆಲದ ಮೇಲೆ ಒಣ ಎಲೆಯ ದರಗು ಮಂಡಿಯವರೆಗೆ ಬಿದ್ದಿದೆ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಅದನ್ನು ಗುಡಿಸಿ ತುಂಬಿಕೊಂಡು ಹೋಗುವ ಕಾಲ ಇದೇ. "ಕೈಕಾಲಿಗೆ ಎಣ್ಣೆ ಹಚ್ಕೊಂಡ್ರಾ? ಪ್ಯಾಂಟು ಸಾಕ್ಸ್ ಒಳಗೆ ಸೇರಿಸ್ಕೊಳಿ," ಎಂದು ಜೊತೆಗೆ ಬಂದ ಆಶಾ ಕಾರ್ಯಕರ್ತೆ ಹೇಳುತ್ತಾರೆ. ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಅದು. ರಕ್ಷಣಾ ಸಂಶೋಧನಾ ಸಂಸ್ಥೆ ಸೈನಿಕರಿಗೆಂದು ರೂಪಿಸಿದ್ದು. ಕೆಲವು ಗಂಟೆ ಉಣ್ಣಿ ಹತ್ತಿರ ಬರುವುದಿಲ್ಲ, ಬೆವರು ಹರಿದರೆ ಮತ್ತೆ ಹಚ್ಚಬೇಕು.

ಒಂದು ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಗಿನ ಮೇಲೆ ಎಳೆದುಕೊಂಡು ನಡೆಯಿರಿ. ಸಂಶೋಧಕರು ಅಂದಿನಿಂದ ಇಂದಿನವರೆಗೆ ಉಣ್ಣಿ ಹಿಡಿಯುವುದು ಹೀಗೆಯೇ. ಹತ್ತಾರು ಹೆಜ್ಜೆ ಹೋಗಿ ಬಟ್ಟೆ ತಿರುವಿ ನೋಡಿ. ಮೊದಲಿಗೆ ಏನೂ ಇಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಂದು ಕಂದು ಚುಕ್ಕೆ ಚಲಿಸುತ್ತದೆ. ಗಸಗಸೆಗಿಂತ ಸ್ವಲ್ಪ ದೊಡ್ಡದು. ಇದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿಯ ಎಳೆಯ ಹಂತ, ಮರಿಗೂ ದೊಡ್ಡದಕ್ಕೂ ನಡುವಿನದು. ಮಳೆಗಾಲದಲ್ಲಿ ದೊಡ್ಡ ಉಣ್ಣಿ ದನದ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆಯಿಟ್ಟಿತು. ಮಳೆ ಬಿಟ್ಟ ಮೇಲೆ ಆರು ಕಾಲಿನ ಮರಿಗಳು ಎದ್ದು ಇಲಿಯ ಮೇಲೋ ಹಕ್ಕಿಯ ಮೇಲೋ ಮಂಗದ ಮೇಲೋ ಹತ್ತಿದವು. ಆ ಪ್ರಾಣಿಯಲ್ಲಿ ವೈರಸ್ ಇದ್ದರೆ ಅದೂ ಜೊತೆಗೆ ಬಂತು. ಪೊರೆ ಕಳಚಿ ಎಂಟು ಕಾಲು ಪಡೆದು ಈಗ ಕಾಯುತ್ತಿವೆ. ನವೆಂಬರಿನಿಂದ ಮೇ ತನಕ ಇವುಗಳ ಕಾಲ, ಮನುಷ್ಯರು ಕಾಡಿಗೆ ಹೋಗುವ ಕಾಲವೂ ಅದೇ.

ಹುಲ್ಲಿನ ತುದಿಯಲ್ಲಿ ಕೂತಿರುವ ಒಂದನ್ನು ಮಸೂರದಲ್ಲಿ ನೋಡಿ. ಹಿಂದಿನ ಮೂರು ಜೊತೆ ಕಾಲಿನಿಂದ ಎಸಳನ್ನು ಹಿಡಿದು, ಮುಂದಿನ ಜೊತೆಯನ್ನು ಗಾಳಿಗೆ ಚಾಚಿದೆ. ಆ ಮುಂಗಾಲಿನ ತುದಿಯ ಸಣ್ಣ ಗುಳಿಯಲ್ಲೇ ಅದರ ಮೂಗು. ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಬೆವರು ಎಲ್ಲವೂ ಅಲ್ಲಿ ತಿಳಿಯುತ್ತವೆ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ನೀವೇ ತಾಗಿಕೊಂಡು ಹೋಗಬೇಕು. ತಾಗಿದಿರಿ ಎಂದರೆ ಕ್ಷಣದಲ್ಲಿ ಬಟ್ಟೆ ಹಿಡಿದು, ಮೇಲಕ್ಕೆ ಹತ್ತಿ, ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ, ಕಂಕುಳಲ್ಲಿ ಚರ್ಮ ತೆಳುವಾದ ಜಾಗ ಹುಡುಕುತ್ತದೆ. ಕೊಯ್ಯುವ ಎರಡು ಅಲಗು, ಒಳಗೆ ನಾಟಿದರೆ ಹೊರಬಾರದಂತೆ ಹಿಮ್ಮುಖ ಮುಳ್ಳಿರುವ ಕೊಳವೆ. ಅದರ ಎಂಜಲಿನಲ್ಲಿ ಉರಿ ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸಗಳು. ಹಾಗಾಗಿ ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಮಂಗ ಸತ್ತರೆ ಅಪಾಯ ಹೆಚ್ಚುವುದೇಕೆ ಎಂಬುದೂ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣ್ಣಿಗಳೆಲ್ಲ ಇಳಿದು ಸುತ್ತಲ ದರಗಿಗೆ ಸೇರುತ್ತವೆ. ಆ ಜಾಗದ ಸುತ್ತ ಐವತ್ತು ಮೀಟರ್ ಕೀಟನಾಶಕದ ಪುಡಿ ಹಾಕುವುದು ಅದಕ್ಕೇ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋನ್ ಮಾಡಿ ಎಂದು ಆಶಾ ಕಾರ್ಯಕರ್ತೆ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಪೂಜೆ ಮಾಡಿ ಹೂಳುವ ಪದ್ಧತಿಯಿರುವ ಊರಲ್ಲಿ ಇದನ್ನು ಹೇಳುವುದು ಸುಲಭದ ಕೆಲಸವಲ್ಲ. ಅವರ ಮೇಲೆ ಗೌರವ ಮೂಡುತ್ತದೆ.

ಲಸಿಕೆ ಇತ್ತು. 1990ರಿಂದ ಮಲೆನಾಡಿನಲ್ಲಿ ಕೊಡುತ್ತಿದ್ದರು: ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್. ನೋವು ಹೆಚ್ಚು, ರಕ್ಷಣೆ ಪೂರ್ತಿಯಲ್ಲ. ಕೊನೆಗೆ ಅದರ ಶಕ್ತಿ ಸಾಲದೆಂದು 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರ ಸೀಮೆ ಜ್ವರದಲ್ಲಿ ಬೆಂದಾಗ ಜನರ ಕೈಯಲ್ಲಿದ್ದುದು ಎಣ್ಣೆ ಮತ್ತು ಎಚ್ಚರ ಮಾತ್ರ. 1957ರಲ್ಲಿ ಗುರುತಿಸಿದ ರೋಗಕ್ಕೆ ಇಷ್ಟು ವರ್ಷದ ಮೇಲೂ ನಂಬಬಹುದಾದ ಲಸಿಕೆ ಇಲ್ಲದಿರುವುದಕ್ಕೆ ಒಂದೇ ಕಾರಣ ಕಾಣುತ್ತದೆ: ಇದರಲ್ಲಿ ಸಾಯುವವರು ಸೌದೆ ತರುವವರು, ದರಗು ಗುಡಿಸುವವರು.

ಶ್ರೀಮಂತ ದೇಶಗಳಲ್ಲಿ ಉಣ್ಣಿಯ ಮಾತಿಗೆ ಬೇರೆಯೇ ಕಿವಿ ಇದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಓಲ್ಡ್ ಲೈಮ್ ಊರಲ್ಲಿ 1975ರ ಸುಮಾರಿಗೆ ಮಕ್ಕಳ ಮೊಣಕಾಲು ಊದತೊಡಗಿದಾಗ ಪಾಲಿ ಮರೇ ಎಂಬ ತಾಯಿ ಬಿಡದೆ ಬೆನ್ನು ಹತ್ತಿದರು; ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟೀರ್ ತನಿಖೆಗೆ ಬಂದರು; 1980ರ ದಶಕದ ಆರಂಭದಲ್ಲಿ ವಿಲಿ ಬರ್ಗ್‌ಡಾರ್ಫರ್ ಉಣ್ಣಿಯ ಹೊಟ್ಟೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಈ ಲೈಮ್ ರೋಗ ಲೋಕಾಪುರದ್ದಲ್ಲ, ಮಲೆನಾಡಿನದೂ ಅಲ್ಲ. ಆದರೆ ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡದ ತಾಯಿ, ಆಟ ಮುಗಿಸಿ ಹುಲ್ಲಿನಿಂದ ಬಂದ ಮಗುವಿನ ತಲೆಗೂದಲು ಬಿಡಿಸಿ, ಕಿವಿಯ ಹಿಂದೆ, ಹೊಕ್ಕುಳಲ್ಲಿ ಉಣ್ಣಿ ಹುಡುಕುತ್ತಾಳೆ. ಅಲ್ಲಿನ ಉಣ್ಣಿ ಬ್ಯಾಕ್ಟೀರಿಯಾ ದಾಟಿಸಲು ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು. ಅದೇ ದಿನ ಕಿತ್ತರೆ ಬಹುಪಾಲು ಬಚಾವ್. ರೋಗ ಬಂದರೂ ಡಾಕ್ಸಿಸೈಕ್ಲಿನ್ ಇದೆ. ಚಳಿಗಾಲ ಸಡಿಲವಾದಂತೆ ಉಣ್ಣಿ ಉತ್ತರಕ್ಕೆ ಏರುತ್ತಿದೆ. ನಾರ್ವೆ, ಸ್ವೀಡನ್‌ಗಳಲ್ಲಿ ಹಿಂದೆ ಕಾಣದಿದ್ದ ಎಡೆಗಳಲ್ಲಿ ಸಿಗುತ್ತಿದೆ. ಕೆನಡಾದಲ್ಲಿ 2009ರಲ್ಲಿ ವರದಿಯಾದ ಲೈಮ್ ಪ್ರಕರಣಗಳು 144. 2017ರ ಹೊತ್ತಿಗೆ ಎರಡು ಸಾವಿರ ದಾಟಿದವು. ಅಲ್ಲಿ ಉಣ್ಣಿಯೇ ಹೊಸ ಸೀಮೆಗೆ ಹೋಗುತ್ತಿದೆ.

ನಮ್ಮಲ್ಲಿ ಉಣ್ಣಿಯ ಸೀಮೆಗೆ ಮನುಷ್ಯ ಹೋಗುತ್ತಾನೆ. 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದಾಗ 1,500ಕ್ಕೂ ಹೆಚ್ಚು ಮಂದಿ ಮಂಗನ ಕಾಯಿಲೆಗೆ ಬಿದ್ದರು, 150 ಜನ ಸತ್ತರು. ಆಮೇಲೆ ರೋಗ ಪಶ್ಚಿಮಘಟ್ಟದ ಉದ್ದಕ್ಕೂ ಕಾಣಿಸಿತು: ಬಂಡೀಪುರ, ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ. ಸತ್ತರಿಯ ಗೇರು ತೋಟದ ಸುದ್ದಿ ಲೋಕಾಪುರಕ್ಕೆ ಎಲ್ಲಕ್ಕಿಂತ ಹತ್ತಿರದ್ದು. 2015ರ ನಂತರ ಅಲ್ಲಿ ಹಂಗಾಮಿನ ಕೂಲಿಗೆ ಹೋದ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನವರಿಗೂ ಸೋಂಕು ತಗುಲಿತು. ಮೈಯಲ್ಲಿ ಜ್ವರ ಹೊತ್ತೇ ಊರಿಗೆ ಬಂದರು.

ಕಬ್ಬು, ಜೋಳ ಮುಗಿದ ಮೇಲೆ ಬಾಗಲಕೋಟೆ ಜಿಲ್ಲೆಯಿಂದ ಗುಳೆ ಹೊರಡುವ ಕುಟುಂಬಗಳನ್ನು ಬಸ್ ನಿಲ್ದಾಣದಲ್ಲಿ ನೋಡಿ. ಚೀಲದಲ್ಲಿ ಬುತ್ತಿ ರೊಟ್ಟಿ, ಸೊಂಟದ ಮೇಲೆ ಕೂಸು. ಕೆಲವರು ಕಟ್ಟಡದ ಕೆಲಸಕ್ಕೆ, ಕೆಲವರು ಘಟ್ಟದ ತೋಟಗಳಿಗೆ, ಗೋವಾಕ್ಕೆ. ಹೋಗುವ ತಿಂಗಳುಗಳು ಆ ಎಂಟು ಕಾಲಿನ ಕಂದು ಚುಕ್ಕೆ ಹುಲ್ಲಿನ ತುದಿಯಲ್ಲಿ ಕಾಯುವ ತಿಂಗಳುಗಳೇ. ಕಾಡಂಚಿನ ಹಳ್ಳಿಯವರಿಗೆ ಎಣ್ಣೆ ಹಂಚುತ್ತಾರೆ, ಮೈಕಿನಲ್ಲಿ ಕೂಗಿ ಹೇಳುತ್ತಾರೆ. ತೋಟದ ಶೆಡ್ಡಿನಲ್ಲಿ ತಿಂಗಳೆರಡು ತಿಂಗಳು ಇದ್ದು ಹೋಗುವ ಬಯಲುಸೀಮೆಯ ಕೂಲಿಯವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವನಿಗೆ ಉಣ್ಣಿಯ ಭಯವೂ ಇಲ್ಲ. ಹುಟ್ಟಿದಾಗಿನಿಂದ ಎತ್ತಿನ ಮೈಮೇಲೆ ಕಂಡದ್ದೇ ತಾನೆ?

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಏಳುತ್ತದೆ. ಅಷ್ಟರಲ್ಲಿ ಅವನು ಊರಿಗೆ ಮರಳಿರಬಹುದು. ಲೋಕಾಪುರದ ದವಾಖಾನೆಯ ಬೆಂಚಿನ ಮೇಲೆ ತಲೆ ಹಿಡಿದು ಕೂತಿರುತ್ತಾನೆ, ಹೆಂಡತಿ ಪಕ್ಕದಲ್ಲಿ. ಡೆಂಗಿ, ಮಲೇರಿಯಾ, ಟೈಫಾಯ್ಡ್ ಪರೀಕ್ಷೆಗೆ ರಕ್ತ ಹೋಗುತ್ತದೆ. ಈ ಸೀಮೆಯ ವೈದ್ಯರಿಗೆ ಮಂಗನ ಕಾಯಿಲೆ ನೆನಪಾಗಬೇಕಾದ ಕಾರಣವೇ ಇಲ್ಲ, ಇಲ್ಲಿ ಆ ಕಾಡೇ ಇಲ್ಲ. ಆಗ ಒಂದು ಪ್ರಶ್ನೆ ಬಂದರೆ ಸಾಕು:

"ದುಡಿಯಾಕ ಎಲ್ಲಿಗೆ ಹೋಗಿದ್ರಿ?"

"ಘಟ್ಟದಾಗ್ರಿ ಸರ್, ತ್ವಾಟದ ಕೆಲಸಕ್ಕ."

"ಯಾವಾಗ ಬಂದ್ರಿ?"

"ಮೊನ್ನಿ ಬಂದೀವ್ರಿ," ಎನ್ನುವುದು ಹೆಂಡತಿ. "ಬಸ್ಸಿನ್ಯಾಗ ಜ್ವರ ಬಂತ್ರಿ ಇವ್ರಿಗೆ. ಕಾಲಾಗ ಉಣ್ಣಿ ಹತ್ತಿದ್ವು, ನಾನೇ ಕಿತ್ತೇನಿ."

ಆ ಮಾತು ಕೇಳಿದ ಮೇಲೆ ಮಾಡಬೇಕಾದ್ದು ಸ್ಪಷ್ಟ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು; ಪ್ಯಾರಾಸಿಟಮಾಲ್ ಸಾಕು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ಕಾಯುತ್ತ ದಾಟಿಸಬೇಕು. ಹಾಗೆ ದಾಟಿಸಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಮೊದಲ ದಿನಗಳ ರಕ್ತದಲ್ಲಿ ವೈರಸ್ ಪಿ.ಸಿ.ಆರ್. ಪರೀಕ್ಷೆಗೆ ಸಿಗುತ್ತದೆ, ವಾರ ಕಳೆದರೆ ಪ್ರತಿಕಾಯ ಹುಡುಕಬೇಕು. ಹಾಗಾಗಿ ಮಾದರಿ ಅವತ್ತೇ ಐಸ್ ಪೆಟ್ಟಿಗೆಯಲ್ಲಿ ಶಿವಮೊಗ್ಗದ ಪ್ರಯೋಗಾಲಯಕ್ಕೋ ಪುಣೆಗೋ ಹೊರಡಬೇಕು, ಕಾಗದದ ಮೇಲೆ ಅವನು ದುಡಿದ ತೋಟದ ಊರು ಬರೆದಿರಬೇಕು. ಜ್ವರ ಇಳಿಯಿತೆಂದು ಒಂದೇ ವಾರಕ್ಕೆ ಕಬ್ಬಿನ ಗದ್ದೆಗೆ ಕಳಿಸುವಂತಿಲ್ಲ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಎರಡನೆಯ ಸುತ್ತು ಜ್ವರ ಬರುತ್ತದೆ, ಆಗ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಕಣ್ಣು ಮಂಜು. ಇದನ್ನು ಹೆಂಡತಿಗೆ ಬಿಡಿಸಿ ಹೇಳಿ, ಹಾಗೇನಾದರೂ ಆದರೆ ರಾತ್ರಿಯಾದರೂ ಸರಿ ಕರೆದುಕೊಂಡು ಬರ್ರಿ ಎಂದು ಫೋನ್ ನಂಬರು ಕೊಟ್ಟು ಕಳಿಸಬೇಕು. ಜೊತೆಗೆ ಅದೇ ಶೆಡ್ಡಿನಲ್ಲಿ ಇನ್ನೂ ಯಾರು ಯಾರು ಇದ್ದರು, ಅವರು ಈಗ ಯಾವ ಊರಲ್ಲಿದ್ದಾರೆ ಎಂದು ಕೇಳಿ ಬರೆದುಕೊಳ್ಳಬೇಕು.